ಮೆಲ್ಲ ಮೆಲ್ಲ ಒಂದು ಎಂಟು

ತಮ್ಮ ಗಲ್ಫಿಗೆ ಹೋದದ್ದು 2024ರ ಮೇ ತಿಂಗಳಲ್ಲಿ. ಹೋಗುವ ಮುಂಚಿನ ದಿನ ಬೈಕನ್ನು ಕೊಟ್ಟಿಗೆಯ ಪಕ್ಕದ ಮಾಡಿನಡಿ ನಿಲ್ಲಿಸಿ ಹಳೆಯ ಟಾರ್ಪಾಲು ಮುಚ್ಚಿದ. "ಅಕ್ಕ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡು. ಇಲ್ಲದಿದ್ರೆ ಬ್ಯಾಟರಿ ಹೋಗ್ತದೆ" ಅಂದ. ಹಾಗೆ ಪ್ರತಿ ಭಾನುವಾರ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಟಾರ್ಪಾಲು ಸರಿಸಿ ಬಟನ್ ಒತ್ತುವುದು ನನ್ನ ಕೆಲಸವಾಯಿತು.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬಾಯಾರು ಕಡೆ. ನಾನು ಕಲಿಸುವ ಶಾಲೆ ಪೆರ್ಲದ ಆಚೆ. ದೂರ ಏನೂ ಜಾಸ್ತಿ ಇಲ್ಲ, ಆದರೆ ಎರಡು ಬಸ್ಸು ಹಿಡಿಯಬೇಕು. ಎರಡನೆಯ ಬಸ್ಸು ತಪ್ಪಿದರೆ ಮುಂದಿನದಕ್ಕೆ ಮುಕ್ಕಾಲು ಗಂಟೆ. ಮಳೆಗಾಲದಲ್ಲಿ ಟ್ರಿಪ್ಪು ಕಟ್ ಆಗುವುದು ಮಾಮೂಲು. ಶಾಲೆ ನಾಲ್ಕಕ್ಕೆ ಬಿಟ್ಟರೂ ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅಮ್ಮ ಅಷ್ಟೂ ಹೊತ್ತು ಜಗಲಿಯಲ್ಲಿ ಕೂತು ದಾರಿ ನೋಡುತ್ತಿರುತ್ತಾರೆ.

ಜುಲೈಯ ಒಂದು ಭಾನುವಾರ, ಎಂಜಿನ್ ಓಡುತ್ತಿರುವಾಗ ಸುಮ್ನೆ ಸೀಟಿನ ಮೇಲೆ ಕೂತೆ. ಕ್ಲಚ್ ಹಿಡಿದು ಎಡಗಾಲಿನಲ್ಲಿ ಗೇರ್ ಒತ್ತಿದೆ. ಟಕ್ ಎಂದಿತು. ಕ್ಲಚ್ ಬಿಟ್ಟೆ. ಬೈಕು ಒಂದು ಮೊಳ ಮುಂದೆ ಹಾರಿ ಆಫ್ ಆಯಿತು. ಎದೆ ಢವಢವ ಹೊಡೆಯುತ್ತಿತ್ತು. ಆದರೂ ಕೆಳಗೆ ಇಳಿಯುವ ಮನಸ್ಸಾಗಲಿಲ್ಲ. ಬೈಕು ಇಲ್ಲೇ ಇದೆ, ಶಾಲೆ ಅಲ್ಲಿದೆ, ನಡುವೆ ಬೇಕಾದದ್ದು ನಾನು ಕಲಿಯುವುದೊಂದೇ ಅಲ್ವಾ ಅನ್ನಿಸಿತು. ಆಗ ನನಗೆ 34 ವರ್ಷ.

ಮೊದಲು ವಿಚಾರಿಸಿದ ಡ್ರೈವಿಂಗ್ ಸ್ಕೂಲಿನಲ್ಲಿ "ಟೀಚರ್, ಹೆಂಗಸರಿಗೆ ಗೇರ್ ಯಾಕೆ? ಗೇರ್ ಇಲ್ಲದ್ದರ ಲೈಸೆನ್ಸ್ ಮಾಡಿಸಿ, ಸ್ಕೂಟರ್ ತಗೊಳ್ಳಿ" ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಮನೆಯಲ್ಲಿ ಗೇರಿನ ಬೈಕು ಇರುವಾಗ ಸ್ಕೂಟರಿಗೆ ಸಾಲ ಯಾಕೆ ಮಾಡಬೇಕು? ಗೇರ್ ಇರುವುದರ ಲೈಸೆನ್ಸ್ ಇದ್ದರೆ ಸ್ಕೂಟರನ್ನೂ ಓಡಿಸಬಹುದು. ಗೇರ್ ಇಲ್ಲದ್ದರ ಲೈಸೆನ್ಸಿನಲ್ಲಿ ಬೈಕು ಮುಟ್ಟುವ ಹಾಗಿಲ್ಲ. ಇಷ್ಟು ಸಣ್ಣ ವಿಷಯವನ್ನು ಎಷ್ಟೋ ಹೆಂಗಸರಿಗೆ ಯಾರೂ ಹೇಳುವುದಿಲ್ಲ. ಆ ಸ್ಕೂಲಿನವರಿಗೆ ನಮಸ್ಕಾರ ಹೇಳಿ ಬೇರೆ ಕಡೆ ಹೋದೆ.

ಕಾಗದಪತ್ರದ ಕೆಲಸ ನಾನು ಹೆದರಿದಷ್ಟು ಇರಲಿಲ್ಲ. ಸರಕಾರಿ ಅರ್ಜಿಗಳನ್ನು ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಕೂತು, ಲೈಸೆನ್ಸಿನ ಸಾರಥಿ ಸೈಟಿನಲ್ಲಿ ಅರ್ಜಿ ತುಂಬಿಸಿದೆ. ಆಧಾರ್, ಎಸ್ಸೆಸ್ಸೆಲ್ಸಿ ಪುಸ್ತಕ, ಫೋಟೊ. ಕಣ್ಣಿನ ಡಾಕ್ಟರರಿಂದ ದೃಷ್ಟಿ ಸರಿ ಇದೆ ಎಂಬ ಸರ್ಟಿಫಿಕೇಟ್ ಬೇಕು. ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿಸಿದರು, ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದರು, ಸಹಿ ಹಾಕಿದರು. ಅಷ್ಟೇ.

ಕಲಿಯುವವರ ಲೈಸೆನ್ಸಿನ, ಅಂದರೆ ಲರ್ನರ್ಸ್ ಪರೀಕ್ಷೆಗೆ ಮಾತ್ರ ಒಂದು ವಾರ ಕೂತು ಓದಿದೆ. ನಾನು ಬರೆಯುವಾಗ 20 ಪ್ರಶ್ನೆ, 12 ಸರಿಯಾದರೆ ಪಾಸ್. ಮಲಯಾಳದಲ್ಲೇ ಬರೆಯುತ್ತೇನೆ ಎಂದು ಹಟ ಮಾಡಿದೆ. ನಾನು ಕನ್ನಡ ಶಾಲೆಯಲ್ಲಿ ಕಲಿತವಳು, ಈಗ ಕನ್ನಡವನ್ನೇ ಕಲಿಸುವವಳು. ನನ್ನ ಮಲಯಾಳ ಬಸ್ಸಿನ ಬೋರ್ಡು ಮತ್ತು ರೇಷನ್ ಅಂಗಡಿಯಿಂದ ಬಂದದ್ದು. ಆದರೆ ನಾನು ಓಡಿಸಬೇಕಾದ ರಸ್ತೆಯ ಪಕ್ಕದ ಫಲಕಗಳು ಇರುವುದು ಆ ಭಾಷೆಯಲ್ಲಿ. ಅದನ್ನು ಓದಲು ಬರದಿದ್ದರೆ ನಷ್ಟ ನನಗೇ. ಓದುತ್ತಾ ಹೋದ ಹಾಗೆ ಹೆದರಿಕೆ ಹೋಯಿತು. 'ಕಾಲ್‌ನಡಯಾತ್ರಕ್ಕಾರ್' ಎಂದರೆ ಕಾಲ್ನಡಿಗೆಯವರು. ಇದನ್ನು ಯಾರಾದರೂ ನಮಗೆ ಹೇಳಿಕೊಡಬೇಕಾ? 'ಮುನ್‌ಗಣನ' ಎಂದರೆ ಯಾರಿಗೆ ಮೊದಲು ಹೋಗುವ ಹಕ್ಕು ಎಂಬುದು. 'ಮರಿಕಡಕ್ಕುಗ' ಮಾತ್ರ ಸ್ವಲ್ಪ ಸತಾಯಿಸಿತು. ಓವರ್‌ಟೇಕ್ ಮಾಡುವುದಕ್ಕೆ ಹಾಗೆ ಹೇಳುತ್ತಾರೆ. 18 ಸರಿಯಾಯಿತು. ಕಾಸರಗೋಡಿನಿಂದ ಮನೆಗೆ ಬರುವ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಿಂದ ಒಂದೊಂದೇ ಫಲಕ ಓದುತ್ತಾ ಬಂದೆ.

ಲರ್ನರ್ಸ್ ಆರು ತಿಂಗಳು ನಡೆಯುತ್ತದೆ. ಸಿಕ್ಕಿ 30 ದಿನ ಆಗದೆ ಟೆಸ್ಟಿಗೆ ಹೋಗುವ ಹಾಗಿಲ್ಲ. ಬೈಕಿನ ಮುಂದೆ ಹಿಂದೆ ಬಿಳಿಯ ಮೇಲೆ ಕೆಂಪು 'ಎಲ್' ಅಂಟಿಸಿದೆ. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಬಾರದು. ಅಮ್ಮನಿಗೆ ಅದನ್ನು ಮೊದಲೇ ಹೇಳಿಟ್ಟೆ.

ಕಲಿಸಲು ಸಿಕ್ಕಿದವರು ಐವತ್ತು ದಾಟಿದ ಒಬ್ಬರು. ಹುಡುಗರೆಲ್ಲ ಅವರನ್ನು ಆಶಾನ್, ಅಂದರೆ ಗುರು, ಎಂದು ಕರೆಯುತ್ತಾರೆ. ನಾನು ಅಣ್ಣ ಎಂದು ಕರೆದೆ. ಅವರ ಮನೆಮಾತು ತುಳು. ಹುಡುಗರ ಜೊತೆ ಮಲಯಾಳ, ನನ್ನ ಜೊತೆ ಕನ್ನಡ. ಗಾಬರಿಯಾದಾಗ ಮಾತ್ರ ಎಲ್ಲರ ಜೊತೆಯೂ ತುಳು. ಮೊದಲ ದಿನ ಅವರು ಬೈಕು ಓಡಿಸಲು ಬಿಡಲೇ ಇಲ್ಲ. "ಟೀಚರ್, ಮೊದಲು ಇದನ್ನು ದೊಡ್ಡ ಸ್ಟ್ಯಾಂಡ್ ಹಾಕಿ ತೋರಿಸಿ" ಅಂದರು. ಎತ್ತಿ ಎತ್ತಿ ಸೊಂಟ ಬಿತ್ತು. ಆಮೇಲೆ ಗುಟ್ಟು ಹೇಳಿದರು. ಎತ್ತುವುದೇ ಅಲ್ಲ, ಸ್ಟ್ಯಾಂಡಿನ ಎರಡೂ ಕಾಲು ನೆಲಕ್ಕೆ ತಾಗಿದವಾ ನೋಡಿಕೊಂಡು, ಅದರ ಮೇಲೆ ಬಲಗಾಲಿಟ್ಟು ಮೈಭಾರ ಬಿಡುವುದು. ಬೈಕು ತಾನಾಗಿ ಹಿಂದಕ್ಕೆ ಹತ್ತಿ ಕೂರುತ್ತದೆ. ನೂರು ಕಿಲೋಗಿಂತ ಜಾಸ್ತಿ ತೂಕದ ವಸ್ತು ಒಂದು ಕಾಲಿನ ಭಾರಕ್ಕೆ ಹಾಗೆ ಎದ್ದಾಗ, ನನ್ನೊಳಗೂ ಏನೋ ಎದ್ದ ಹಾಗಾಯಿತು.

ಎರಡನೆಯ ದಿನ ಕ್ಲಚ್. ಆಕ್ಸಿಲೇಟರ್ ಮುಟ್ಟಬಾರದು. ಮೊದಲ ಗೇರ್ ಹಾಕಿ, ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುತ್ತಾ ಬರಬೇಕು. ಒಂದು ಕಡೆ ಬೈಕಿಗೆ ಜೀವ ಬಂದ ಹಾಗಾಗುತ್ತದೆ. ಕಟ್ಟಿದ ಕರು ತಾಯಿಯನ್ನು ನೋಡಿ ಹಗ್ಗ ಎಳೆದ ಹಾಗೆ ಮುಂದಕ್ಕೆ ಎಳೆಯುತ್ತದೆ. ಅಲ್ಲಿ ಕೈ ನಿಲ್ಲಿಸಬೇಕು. ಮತ್ತೆ ಹಿಡಿಯಬೇಕು, ಮತ್ತೆ ಬಿಡಬೇಕು. ಒಂದು ಗಂಟೆ ಇದೇ. "ಮೆಲ್ಲ, ಟೀಚರ್, ಮೆಲ್ಲ" ಎಂದು ಅಣ್ಣ ಹೇಳುತ್ತಲೇ ಇದ್ದರು. ಎಡಗೈಯ ಬೆರಳು ಸಂಜೆ ಚಾಕ್‌ಪೀಸು ಹಿಡಿಯಲು ಬಾರದಷ್ಟು ನೋಯುತ್ತಿತ್ತು. ಆದರೆ ಯಾರಾದರೂ ಬೈಕು ಕಲಿಯುತ್ತೇನೆ ಅಂದರೆ ನಾನು ಈಗ ಹೇಳುವುದು ಇಷ್ಟೇ. ಬಾಕಿ ಎಲ್ಲ ಬಿಡಿ, ಈ ಒಂದು ಗಂಟೆಯನ್ನು ತಪ್ಪಿಸಬೇಡಿ. ಕೈಗೆ ಆ ಜಾಗ ಗೊತ್ತಾದರೆ ಆಮೇಲೆ ಎಂಜಿನ್ ಆಫ್ ಆಗುವುದು ಅಪರೂಪ.

ಗೇರಿನದ್ದು ಬೇರೆಯೇ ಕಷ್ಟ. ಸ್ಕೂಲಿನ ಬೈಕಿಗೆ ನಾಲ್ಕೂ ಗೇರ್ ಮುಂದಕ್ಕೆ. ಒತ್ತುತ್ತಾ ಹೋದರೆ ಏರುತ್ತದೆ. ತಮ್ಮನ ಬೈಕಿಗೆ ಒಂದು ಮುಂದೆ, ಉಳಿದ ನಾಲ್ಕು ಹಿಂದೆ. ಬೆಳಿಗ್ಗೆ ಅಲ್ಲಿ ಕಲಿತು ಸಂಜೆ ಮನೆಯ ಹಿಂದಿನ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ಓಡಿಸುವಾಗ, ಮೂರನೆಯದಕ್ಕೆ ಏರಿಸುತ್ತೇನೆ ಎಂದು ಮುಂದಕ್ಕೆ ಒತ್ತಿ ಒಂದನೆಯದಕ್ಕೆ ಇಳಿಸಿಬಿಡುತ್ತಿದ್ದೆ. ಬೈಕು ಕಿರುಚಿ ಮುಗ್ಗರಿಸುತ್ತಿತ್ತು. ಕಾಲಿಗೂ ನೆನಪು ಇರುತ್ತದೆ, ಅದು ತಲೆಯ ಮಾತು ಕೇಳುವುದಿಲ್ಲ. ಎರಡು ಬೈಕಿನಲ್ಲಿ ಒಟ್ಟಿಗೆ ಕಲಿಯಬಾರದು ಎಂದು ನನಗೆ ಆಗ ಯಾರಾದರೂ ಹೇಳಬೇಕಿತ್ತು.

ಬಿದ್ದದ್ದು ಒಂದೇ ಸಲ. ಪದವಿನಲ್ಲಿ ಸಣ್ಣ ಸಣ್ಣ ಕೆಂಪು ಹರಳುಕಲ್ಲು. ತಿರುಗಿಸುವಾಗ ಎದುರು ಒಂದು ದನ ಬಂತು. ಹ್ಯಾಂಡಲ್ ಓರೆ ಇರುವಾಗಲೇ ಮುಂದಿನ ಬ್ರೇಕ್ ಹಿಡಿದೆ. ಮುಂದಿನ ಚಕ್ರ ಜಾರಿ ಬೈಕು ಪಟ್ಟನೆ ಮಲಗಿತು. ಮೊಣಕಾಲು ತರಚಿತು, ಬ್ರೇಕಿನ ಹಿಡಿ ಸೊಟ್ಟಗಾಯಿತು, ಸೈಲೆನ್ಸರ್ ತಾಗಿ ಮೀನಖಂಡದಲ್ಲಿ ಒಂದು ಬೊಬ್ಬೆ ಎದ್ದಿತು. ದನ ನಿಂತು ನೋಡಿ ಹೋಯಿತು. ರಾತ್ರಿ ವೀಡಿಯೊ ಕಾಲ್‌ನಲ್ಲಿ ತಮ್ಮನಿಗೆ ಹೆದರಿ ಹೆದರಿ ಹಿಡಿ ತೋರಿಸಿದೆ. "ಹಿಡಿ ಹೋಗಲಿ ಅಕ್ಕ, ನಿನ್ನ ಕಾಲು ತೋರಿಸು" ಅಂದ. ಆಮೇಲೆ ಹೇಳಿದ, "ಹ್ಯಾಂಡಲ್ ನೇರ ಇದ್ದರೆ ಮಾತ್ರ ಮುಂದಿನ ಬ್ರೇಕ್. ತಿರುಗಿಸುವಾಗ ಕಾಲಿನದ್ದು." ಆ ಮಾತು ಮೊಣಕಾಲಿನ ಕಲೆಯ ಜೊತೆ ಉಳಿದಿದೆ.

ಇನ್ನು ಎಂಟಿನ ವಿಷಯ.

ಕೇರಳದಲ್ಲಿ ಬೈಕಿನ ಟೆಸ್ಟ್ ಎಂದರೆ ಎಂಟು. ಕಾರಿಗೆ ಎಚ್, ಬೈಕಿಗೆ ಎಂಟು. ನೆಲದ ಮೇಲೆ ಎಂಟರ ಆಕಾರದಲ್ಲಿ ಕಂಬಿ ನೆಟ್ಟಿರುತ್ತಾರೆ. ಅದರ ನಡುವೆ ಕಾಲು ನೆಲಕ್ಕೆ ತಾಗದ ಹಾಗೆ, ಕಂಬಿಗೆ ಮುಟ್ಟದ ಹಾಗೆ ಬಂಡಿ ಹೊರಗೆ ಬರಬೇಕು. ಎಷ್ಟೋ ವರ್ಷ ಇಲ್ಲಿ ಎಲ್ಲರೂ ಎಂಟು ಹಾಕಿದ್ದು ಎಂ80ಯಲ್ಲಿ. ಹಗುರದ ಬಂಡಿ, ಗೇರು ಕೈಯಲ್ಲೇ ತಿರುಗಿಸುವುದು. ನನ್ನ ತಮ್ಮನೂ ಹಾಗೆಯೇ ಲೈಸೆನ್ಸ್ ಪಡೆದವನು. ಬೇರೆ ಕಡೆ ಅಪರೂಪವಾದ ಎಂ80 ಡ್ರೈವಿಂಗ್ ಸ್ಕೂಲುಗಳಲ್ಲಿ ಬದುಕಿತ್ತು. 2024ರ ಆಗಸ್ಟ್ 1ರಿಂದ ಅದು ನಿಂತಿತು. ಗೇರ್ ಇರುವ ಬೈಕಿನ ಲೈಸೆನ್ಸಿಗೆ ಕಾಲಿನಲ್ಲಿ ಗೇರ್ ಹಾಕುವ, 95 ಸಿಸಿಗಿಂತ ಕಡಿಮೆ ಇಲ್ಲದ ಬಂಡಿಯೇ ಬೇಕು ಎಂದಾಯಿತು. ನಾನು ಸೇರಿದ್ದು ಅದಾಗಿ ಕೆಲವೇ ವಾರಕ್ಕೆ. ಅಲ್ಲಿ ಎಲ್ಲರ ಬಾಯಲ್ಲೂ ಅದೇ ದೂರು. ಎಂ80ಯಲ್ಲಾದರೆ ಎರಡು ದಿನದಲ್ಲಿ ಎಂಟು ಬರುತ್ತಿತ್ತು, ಈಗ ಹತ್ತು ದಿನ ಬೇಕು ಎಂದು. ನನಗೆ ಮಾತ್ರ ಈ ಬದಲಾವಣೆ ಸರಿ ಅನ್ನಿಸುತ್ತದೆ. ಕೈಗೇರಿನ ಬಂಡಿಯಲ್ಲಿ ಪಾಸಾಗಿ ಮರುದಿನ ಕಾಲುಗೇರಿನ ದೊಡ್ಡ ಬೈಕಿನಲ್ಲಿ ಹೆದ್ದಾರಿಗೆ ಹೋಗುವವನಿಗೆ ಆ ಲೈಸೆನ್ಸ್ ಏನು ಕಲಿಸಿದ ಹಾಗಾಯಿತು?

ಆದರೆ ಹತ್ತು ದಿನದಲ್ಲಿ ನನಗೆ ಎಂಟು ಬರಲಿಲ್ಲ. ರಸ್ತೆಯಲ್ಲಿ ನಲವತ್ತರ ವೇಗದಲ್ಲಿ ಆರಾಮವಾಗಿ ಹೋಗುತ್ತಿದ್ದೆ. ಕಂಬಿಯ ನಡುವೆ ಬಂದರೆ ಬೈಕು ಕುಡಿದವನ ಹಾಗೆ ವಾಲುತ್ತಿತ್ತು. ವೇಗವಾಗಿ ಹೋಗುವ ಬೈಕು ತಾನಾಗಿ ಬೀಳದೆ ನೆಟ್ಟಗಿರುತ್ತದೆ. ಮೆಲ್ಲಗೆ ಹೋಗುವಾಗ ನಾವೇ ಅದನ್ನು ನೆಟ್ಟಗೆ ಹಿಡಿದುಕೊಳ್ಳಬೇಕು. ಇದು ನನಗೆ ಅರ್ಥವಾಗುವ ಮೊದಲೇ ನವೆಂಬರಿನಲ್ಲಿ ಟೆಸ್ಟಿನ ದಿನ ಬಂತು.

ಬೆಳಿಗ್ಗೆ ಏಳೂವರೆಗೆ ಗ್ರೌಂಡಿನಲ್ಲಿ ಇದ್ದೆ. ಹದಿನೆಂಟು ತುಂಬಿದ ಹುಡುಗರು, ಗಲ್ಫಿನಿಂದ ರಜೆಯಲ್ಲಿ ಬಂದವರು, ಸ್ಕೂಟರಿನ ಟೆಸ್ಟಿಗೆ ಬಂದ ಹುಡುಗಿಯರು. ಗೇರಿನ ಸಾಲಿನಲ್ಲಿ ಹೆಂಗಸು ನಾನೊಬ್ಬಳೇ. ಆಫೀಸರ್ "ಎಡ್ತೋ" ಅಂದರು. ಹೊರಡಿ ಎಂದು. ಸ್ಕೂಲಿನ ಬೈಕಿನಲ್ಲಿ ಹೊರಟೆ. ಮೊದಲ ಸುತ್ತು ಆಯಿತು. ಎರಡನೆಯ ಸುತ್ತಿಗೆ ತಿರುಗುವಾಗ ಮೂಲೆಯ ಕಂಬಿ ಕಣ್ಣಿಗೆ ಬಿತ್ತು. ಅದಕ್ಕೆ ತಾಗುತ್ತದೆ, ತಾಗುತ್ತದೆ ಎಂದು ಅದನ್ನೇ ನೋಡಿದೆ. ಬೈಕು ಸೀದಾ ಅಲ್ಲಿಗೇ ಹೋಯಿತು. ಎಡಗಾಲು ನೆಲದ ಮೇಲಿತ್ತು. "ಕಾಲ್ ಕುತ್ತಿ. ಇನಿ ಅಡುತ್ತ ಪ್ರಾವಶ್ಯಂ" ಅಂದರು. ಕಾಲು ಊರಿದಿರಿ, ಇನ್ನು ಮುಂದಿನ ಸಲ ಎಂದು. ಒಟ್ಟು ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ.

ಬಸ್ಸಿನಲ್ಲಿ ಅಳು ಬಂತು. ಫೇಲ್ ಆದ ಮಕ್ಕಳಿಗೆ "ಪರವಾಗಿಲ್ಲ, ಮುಂದಿನ ಸಲ" ಎಂದು ಎಷ್ಟು ಸುಲಭವಾಗಿ ಹೇಳುತ್ತೇನೆ ಎಂದು ನೆನಪಾಯಿತು. ಆ ಮಾತನ್ನು ಈಗ ಹಾಗೆ ಹೇಳುವುದಿಲ್ಲ. ಎಲ್ಲಿ ತಪ್ಪಿತು ಎಂದು ಮಗುವಿನ ಪಕ್ಕದಲ್ಲಿ ಕೂತು ನೋಡುತ್ತೇನೆ.

ಅಣ್ಣ ಮಾಡಿದ್ದೂ ಅದನ್ನೇ. ಮರುದಿನ ಸಂಜೆ ನಮ್ಮ ಪದವಿಗೇ ಬಂದರು. ಅಮ್ಮ ಒಣಗಿದ ತೆಂಗಿನ ಸಿಪ್ಪೆ ಬುಟ್ಟಿ ತುಂಬಾ ತಂದು ಸುರಿದರು. ಅಣ್ಣ ಹೆಜ್ಜೆ ಅಳೆದು ಸಿಪ್ಪೆಗಳನ್ನು ಎಂಟರ ಆಕಾರಕ್ಕೆ ಇಟ್ಟರು. "ಸ್ಕೂಲಿನ ಬೈಕು ಬಿಡಿ. ನಿಮ್ಮದರಲ್ಲೇ ಮಾಡಿ. ಟೆಸ್ಟಿಗೂ ಇದನ್ನೇ ತನ್ನಿ" ಅಂದರು. ಆರ್‌ಸಿ, ಇನ್ಶೂರೆನ್ಸ್, ಹೊಗೆಯ ಸರ್ಟಿಫಿಕೇಟ್ ಸರಿ ಇದ್ದರೆ ನಮ್ಮ ಬಂಡಿಯಲ್ಲೇ ಟೆಸ್ಟ್ ಕೊಡಬಹುದು. ಅದು ಅಷ್ಟು ದಿನ ನನಗೆ ಗೊತ್ತೇ ಇರಲಿಲ್ಲ.

ಆ ಸಂಜೆ ಅವರು ಹೇಳಿದ್ದು ಮೂರು ಮಾತು. ಕ್ಲಚ್ ಅರ್ಧದಲ್ಲೇ ಇರಲಿ. ಬಲಗಾಲಿನ ಬ್ರೇಕನ್ನು ಸ್ವಲ್ಪ ಒತ್ತಿಯೇ ಹಿಡಿಯಿರಿ. ಕಣ್ಣು ಮಾತ್ರ ಹೋಗಬೇಕಾದ ಕಡೆ. ಎಂಜಿನ್ ಮುಂದಕ್ಕೆ ಎಳೆಯುತ್ತದೆ, ಬ್ರೇಕ್ ಹಿಂದಕ್ಕೆ ಹಿಡಿಯುತ್ತದೆ. ಎರಡೂ ಕಡೆ ಎಳೆದು ಕಟ್ಟಿದ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಬೈಕು ಬಿಗಿಯಾಗುತ್ತದೆ, ಆಗ ವಾಲುವುದಿಲ್ಲ. ಮಂಡಿಯಲ್ಲಿ ಟ್ಯಾಂಕನ್ನು ಒತ್ತಿ ಹಿಡಿದು, ಬೈಕು ಒಳಗೆ ಬಾಗಿದರೂ ಮೈಯನ್ನು ನೆಟ್ಟಗೆ ಇಟ್ಟುಕೊಳ್ಳಬೇಕು. ಕಣ್ಣಿನ ಮಾತು ಎಲ್ಲಕ್ಕಿಂತ ಕಷ್ಟ. ಪಕ್ಕದ ಸಿಪ್ಪೆ ಕರೆಯುತ್ತದೆ. ಅದನ್ನು ನೋಡದೆ, ಹೆಗಲ ಮೇಲಿಂದ ತಲೆ ತಿರುಗಿಸಿ ಮುಂದಿನ ತಿರುವನ್ನು ನೋಡಬೇಕು. ನೋಡಿದರೆ ಕೈ ತಾನಾಗಿ ಅಲ್ಲಿಗೆ ತಿರುಗುತ್ತದೆ.

ದಿನಾ ಸಂಜೆ ಬಸ್ಸಿಳಿದು ಬಂದು ಬೆಳಕು ಇರುವ ತನಕ ಎಂಟು. ಕತ್ತಲು ಬೇಗ ಆಗುವ ತಿಂಗಳು ಅದು, ಸಿಗುತ್ತಿದ್ದದ್ದು ಅಬ್ಬಬ್ಬಾ ಅಂದರೆ ಇಪ್ಪತ್ತು ನಿಮಿಷ. ಅಮ್ಮ ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು. ಸಿಪ್ಪೆ ಚಕ್ರದಡಿ ಸಿಕ್ಕಿದರೆ ಎದ್ದು ಬಂದು ಬೇರೆ ಇಡುತ್ತಿದ್ದರು. "ಮೆಲ್ಲಗೆ, ಮಗಾ, ಮೆಲ್ಲಗೆ." ಡಿಸೆಂಬರಿನ ಒಂದು ಸಂಜೆ ನಾಲ್ಕು ಸುತ್ತು ಒಟ್ಟಿಗೆ ಬಂತು. ಕಾಲು ಊರಲಿಲ್ಲ, ಒಂದು ಸಿಪ್ಪೆಯೂ ಕದಲಲಿಲ್ಲ. ಐದನೆಯದು, ಆರನೆಯದು. ನಿಲ್ಲಿಸಲು ಮನಸ್ಸೇ ಬರಲಿಲ್ಲ. ಅಷ್ಟು ಮೆಲ್ಲಗೆ ಹೋಗುವುದರಲ್ಲಿ ಅಷ್ಟು ಸಂತೋಷ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಎರಡನೆಯ ಟೆಸ್ಟಿಗೆ ಏಳು ದಿನ ಕಳೆದರೆ ಅರ್ಜಿ ಹಾಕಬಹುದು. ಆದರೆ ಆಗ ಒಬ್ಬ ಆಫೀಸರ್ ದಿನಕ್ಕೆ 40 ಟೆಸ್ಟ್ ಮಾತ್ರ ಮಾಡುವ ಲೆಕ್ಕ ಇತ್ತು, ಹಾಗಾಗಿ ದಿನಾಂಕ ಸಿಗುವುದೇ ತಡವಾಗುತ್ತಿತ್ತು. ನನಗೆ ಸಿಕ್ಕಿದ್ದು 2025ರ ಜನವರಿಯಲ್ಲಿ. ತಡವಾದದ್ದೇ ಒಳ್ಳೆಯದಾಯಿತು.

ಚೂಡಿದಾರದ ಶಾಲನ್ನು ಎರಡೂ ಕಡೆ ಪಿನ್ ಮಾಡಿದ್ದೆ. ಹೆಲ್ಮೆಟ್ ಸರಿ ಕೂರಲಿ ಎಂದು ಜಡೆಯನ್ನು ಕುತ್ತಿಗೆಯ ಹತ್ತಿರ ಕೆಳಗೆ ಹಾಕಿದ್ದೆ. (ಇದನ್ನು ಗಂಡಸರು ಯಾರೂ ಹೇಳಿಕೊಡುವುದಿಲ್ಲ, ಹುಡುಗಿಯರೇ, ತುರುಬು ಕಟ್ಟಿ ಹೆಲ್ಮೆಟ್ ಹಾಕಬೇಡಿ, ಅದು ತಲೆಯ ಮೇಲೆ ನಿಲ್ಲುವುದಿಲ್ಲ.) ಅಣ್ಣ ದೂರದಲ್ಲಿ ಕೈ ಕಟ್ಟಿ ನಿಂತಿದ್ದರು. "ಪೋಡ್ಯೊಡ್ಚಿ" ಅಂದರು. ಹೆದರಬೇಡಿ ಎಂದು. ಈ ಸಲ ಬೇರೆ ಆಫೀಸರ್. ನಾನು ಕ್ಲಚ್ ಬಿಡುವಾಗ ಅವರು ಮೆಲುದನಿಯಲ್ಲಿ "ಮೆಲ್ಲೆ ಮದಿ" ಅಂದರು. ಮೆಲ್ಲಗೆ ಸಾಕು.

ಅಮ್ಮನ ಮೆಲ್ಲಗೆ, ಅಣ್ಣನ ಮೆಲ್ಲ, ಇವರ ಮೆಲ್ಲೆ. ಕಂಬಿಗಳು ಪಕ್ಕದಲ್ಲಿ ಸರಿದು ಹೋದವು. ಯಾವುದನ್ನೂ ನೋಡಲಿಲ್ಲ. ಹೊರಗೆ ಬಂದು ನಿಲ್ಲಿಸಿದಾಗಲೇ ಉಸಿರು ಬಿಟ್ಟದ್ದು. ಆಮೇಲೆ ರೋಡ್ ಟೆಸ್ಟ್. ಹೊರಡುವ ಮುಂಚೆ ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಗೇರ್ ಏರಿಸಿ, ತಿರುಗಿಸಿ ಬಂದೆ. ಅದು ಕಷ್ಟವೇ ಆಗಲಿಲ್ಲ. ಪಾಸ್ ಎಂದು ಹೇಳಿದ ಮೇಲೆ ಅಣ್ಣನ ಹತ್ತಿರ ಹೋಗಿ ಏನು ಹೇಳುವುದು ಎಂದು ತಿಳಿಯಲಿಲ್ಲ. ಅವರು ಆಗಲೇ ಮುಂದಿನ ಹುಡುಗನಿಗೆ ಕ್ಲಚ್ ತೋರಿಸುತ್ತಿದ್ದರು.

ಲೈಸೆನ್ಸ್ ಮೊಬೈಲಿನ ಡಿಜಿಲಾಕರಿನಲ್ಲಿ ಬಂತು. 30 ದಾಟಿದವಳಾದ್ದರಿಂದ ಹತ್ತು ವರ್ಷಕ್ಕೆ ಕೊಟ್ಟಿದ್ದಾರೆ, 2035ರ ತನಕ. 'ಎಲ್' ಕಿತ್ತು ತೆಗೆದೆ. ಅದರ ಅಂಟು ಹೋಗಲು ಸೀಮೆಎಣ್ಣೆ ಹಾಕಿ ಉಜ್ಜಬೇಕಾಯಿತು.

ಈಗ ಶಾಲೆಗೆ ಅರ್ಧ ಗಂಟೆ ಸಾಕು. ನಾಲ್ಕೂವರೆಗೆಲ್ಲ ಮನೆಯಲ್ಲಿರುತ್ತೇನೆ. ದಾರಿಯಲ್ಲಿ ಒಂದು ಚಡವು, ಅಂದರೆ ಕಡಿದಾದ ಏರು, ಇದೆ. ಎದುರಿನಿಂದ ಕಲ್ಲು ತುಂಬಿದ ಲಾರಿ ಬಂದರೆ ನಡುಚಡವಿನಲ್ಲೇ ನಿಂತು ಮತ್ತೆ ಹೊರಡಬೇಕು. ಅಲ್ಲಿ ದಿನಾ ಉಪಯೋಗಕ್ಕೆ ಬರುವುದು ಆ ಎಂಟೇ. ಅರ್ಧ ಕ್ಲಚ್, ಬಲಗಾಲಿನ ಬ್ರೇಕ್, ಕಣ್ಣು ಮೇಲೆ. ಮಳೆಗಾಲದಲ್ಲಿ ಕೆಸರಿನ ಮಣ್ಣುರಸ್ತೆಯಲ್ಲೂ ಅದೇ. ಟೆಸ್ಟಿನ ಎಂಟು ಸುಮ್ನೆ ಒಂದು ಶಾಸ್ತ್ರ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲ ಸಲ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೋದದ್ದು ಫೆಬ್ರವರಿಯಲ್ಲಿ, ನನಗೆ ಸರ್ಟಿಫಿಕೇಟ್ ಕೊಟ್ಟ ಅದೇ ಕಣ್ಣಿನ ಡಾಕ್ಟರ ಹತ್ತಿರ. ಅಮ್ಮನಿಗೆ ಎಡಗಣ್ಣಿನಲ್ಲಿ ಪೊರೆ ಬಂದ ಹಾಗಿತ್ತು. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕಲ್ಲ, ಅವರಿಗೆಂದೇ ಒಂದು ಹಗುರದ್ದು ತಂದಿದ್ದೆ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ ಹಾಕಿಕೊಂಡು, ಒಂದು ಕೈ ನನ್ನ ಹೆಗಲ ಮೇಲೆ ಇಟ್ಟು ಕೂತರು. ನಾನು ಒಂದೊಂದು ಗುಂಡಿಯನ್ನೂ ತಪ್ಪಿಸಿ, ಒಂದೊಂದು ತಿರುವಿನಲ್ಲೂ ಹಾರ್ನ್ ಹಾಕಿ, ಎಂಟು ಹಾಕುವ ವೇಗದಲ್ಲೇ ಹೋಗುತ್ತಿದ್ದೆ. ಪೆರ್ಲ ದಾಟುವ ತನಕ ಅಮ್ಮ ಒಂದು ಮಾತೂ ಆಡಲಿಲ್ಲ. ಆಮೇಲೆ ನನ್ನ ಹೆಲ್ಮೆಟ್ಟಿಗೆ ಎರಡು ಸಲ ಬೆರಳಲ್ಲಿ ಬಡಿದರು.

"ಮಗಾ, ಡಾಕ್ಟರು ಹನ್ನೆರಡೂವರೆಗೆ ಊಟಕ್ಕೆ ಹೋಗ್ತಾರೆ. ಸ್ವಲ್ಪ ಬೇಗ ಬಿಡು."